ಪುಷ್ಯ ಮಳೆಯಲ್ಲಿ ಹದಿನಾಲ್ಕು ದಿನ

(ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ವಯಸ್ಸು, ಕೆಲವು ವಿವರ ಬದಲಿಸಿದ್ದೇನೆ.)

ಹಾಸನದಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಬರುವ ದಂಪತಿಗಳು ಸಾಮಾನ್ಯವಾಗಿ ಮೆಟ್ಟಿಲು ಹತ್ತುವಾಗಲೇ ಜಗಳ ಶುರು ಮಾಡಿರುತ್ತಾರೆ. ಇವರು ಮಾತೇ ಇಲ್ಲದೆ ಬಂದರು. ರಾಜಣ್ಣ ಅಂತ ಕರೆಯೋಣ, 61 ವರ್ಷ, ಆಗಷ್ಟೇ ರಿಟೈರ್ ಆದವರು. ಹೆಂಡತಿ ಸುಮಿತ್ರಮ್ಮ, 57. ಮಗಳು ಬಲವಂತ ಮಾಡಿ ಕಳಿಸಿದ್ದಳು. ಎರಡು ತಿಂಗಳಿಂದ ಅಮ್ಮ ಸರಿಯಾಗಿ ನಿದ್ದೆ ಮಾಡಿಲ್ಲ, ಅಪ್ಪನ ಜೊತೆ ಊಟ ಬಡಿಸೋವಷ್ಟೇ ಮಾತು, ಅದಕ್ಕಿಂತ ಹೆಚ್ಚಿಲ್ಲ ಅಂತ ಅವಳು ಫೋನಿನಲ್ಲಿ ಹೇಳಿದ್ದಳು.

ವಿಷಯ ಏನಂದರೆ, ರಾಜಣ್ಣ ಮೂಡಿಗೆರೆ ಆಚೆ, ಕೊಟ್ಟಿಗೆಹಾರದ ಕಡೆ ಒಂದು ಹಳೇ ಹೆಂಚಿನ ಮನೆಗೆ ಅಡ್ವಾನ್ಸ್ ಕೊಟ್ಟು ಬಂದಿದ್ದರು. ಡಿಸೆಂಬರ್‌ನಲ್ಲಿ ನೋಡಿದ ಮನೆ. ಕೂತ ತಕ್ಷಣ ನನಗೂ ವಿಡಿಯೊ ತೋರಿಸಿದರು. ಕಿಟಕಿ ತೆಗೆದರೆ ಮಂಜು, ಮಂಜಿನ ಹಿಂದೆ ಗುಡ್ಡ, ಅಂಗಳದ ಅಂಚಲ್ಲಿ ಅರೇಬಿಕಾ ಹಣ್ಣು ಕೆಂಪಗೆ ಗೊಂಚಲು ಗೊಂಚಲಾಗಿ. "ಎಷ್ಟು ಚೆನ್ನಾಗಿದೆ!" ಅಂದುಬಿಟ್ಟೆ. ಅಲ್ಲೇ ತಪ್ಪಿದ್ದು ನಾನು. ಸುಮಿತ್ರಮ್ಮ ಬಾಗಿಲ ಕಡೆ ತಿರುಗಿದವರು ಆ ದಿನ ಪೂರ್ತಿ ಮತ್ತೆ ಬಾಯಿ ಬಿಡಲಿಲ್ಲ.

ಮುಂದಿನ ವಾರ ಅವರೊಬ್ಬರನ್ನೇ ಕರೆದೆ.

"ಇವರು ಅರಸೀಕೆರೆ ಕಡೆಯವರು ಮೇಡಂ. ನಾನು ಕೊಪ್ಪದ ಹತ್ತಿರದವಳು. ಮಳೆ ಅಂದ್ರೆ ಏನು ಅಂತ ಇವರಿಗೇನು ಗೊತ್ತು?" ಅಂತ ಶುರು ಮಾಡಿದವರು ಮುಕ್ಕಾಲು ಗಂಟೆ ನಿಲ್ಲಿಸಲೇ ಇಲ್ಲ. ಆರಿದ್ರದಲ್ಲಿ ಹಿಡಿದ ಮಳೆ ಆಶ್ಲೇಷದ ತನಕ ಬಿಡದ ಮನೆ ಅದು. ಅವರಮ್ಮ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಓಡಾಡುತ್ತಿದ್ದರಂತೆ. ಉಪ್ಪಿನ ಭರಣಿಯಲ್ಲಿ ಉಪ್ಪು ನೀರಾಗೋದು, ಚಪ್ಪಲಿ ಮೇಲೆ ಬೂಷ್ಟು, ಟ್ರಂಕಿನಲ್ಲಿದ್ದ ಮದುವೆ ಸೀರೆ ಮೇಲೂ ಬೂಷ್ಟು. ಬಟ್ಟೆ ಒಣಗಿಸೋಕೆ ಬಚ್ಚಲೊಲೆ ಮೇಲೆ ಕಟ್ಟಿದ ಹಗ್ಗ ಒಂದೇ ಗತಿ. ಸ್ಕೂಲಲ್ಲಿ ಪಕ್ಕ ಕೂತ ಹುಡುಗಿ ಮೂಗು ಮುಚ್ಚಿಕೊಂಡಿದ್ದಳಂತೆ, ಯೂನಿಫಾರಂ ಹೊಗೆ ವಾಸನೆಗೆ. ಅದನ್ನು ಹೇಳುವಾಗ ಈಗಲೂ ಸೆರಗು ಮೂಸಿ ನೋಡಿಕೊಂಡರು, ಅವರಿಗೇ ಗೊತ್ತಾಗದ ಹಾಗೆ.

"ಇದನ್ನೆಲ್ಲ ಅವರಿಗೆ ಯಾವತ್ತಾದರೂ ಹೇಳಿದ್ದೀರಾ?"

"ಎಲ್ಲಿ ಹೇಳ್ತೀನಿ? ತವರು ಅಲ್ವಾ. ನಮ್ಮೂರು ಚೆಂದ ಅಂತಲೇ ಮೂವತ್ತು ವರ್ಷ ಹೇಳಿದ್ದೀನಿ. ದೂರದ ಬೆಟ್ಟ ನುಣ್ಣಗೆ ಅಂತಾರೆ, ಹತ್ತಿರ ಹೋದರೆ ಜಾರುತ್ತೆ ಅಂತ ಯಾರೂ ಹೇಳಲ್ಲ."

ಅಲ್ಲಿಗೆ ನನಗೆ ಅರ್ಧ ಗಂಟು ಬಿಚ್ಚಿತು. ರಾಜಣ್ಣ ಈ ಮನೆ ಹುಡುಕಿದ್ದೇ ಹೆಂಡತಿಯನ್ನು ಮತ್ತೆ ಮಲೆನಾಡಿಗೆ ಕರೆದುಕೊಂಡು ಹೋದರೆ ಖುಷಿಪಡುತ್ತಾಳೆ ಅಂತ. ಅವರದ್ದೂ ಸುಮ್ನೆ ಶೋಕಿ ಅಲ್ಲ. ಅವರು ಬೆಳೆದ ಊರಲ್ಲಿ ಬೇಸಿಗೆ ಅಂದರೆ ಕೊಡ ಇಟ್ಟು ಪಾಳಿ ಕಾಯೋದು. ಹಸಿರು ಕಂಡರೆ ಅವರಿಗೆ ಇಲ್ಲಿ ನೀರಿದೆ, ಇನ್ನು ಚಿಂತೆ ಇಲ್ಲ ಅನ್ನಿಸುತ್ತೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತೆ. ಅರಸೀಕೆರೆಗೆ ಬರುವಷ್ಟರಲ್ಲಿ ಬರೀ ಗಾಳಿ. ಕೊಪ್ಪಕ್ಕೆ ಬೀಳುವ ಮಳೆ ಅರಸೀಕೆರೆಯದ್ದರ ಮೂರು ಪಟ್ಟಿಗೂ ಜಾಸ್ತಿ, ಎರಡೂ ಊರಿನ ನಡುವೆ ಇರೋದು ಬಸ್ಸಿನಲ್ಲಿ ಅರ್ಧ ದಿನದ ದಾರಿ ಅಷ್ಟೇ. ಒಬ್ಬರು ಮಳೆ ಇಲ್ಲದೆ ಬೆಳೆದವರು, ಇನ್ನೊಬ್ಬರು ಮಳೆ ಸಾಕಾಗಿ ಬಂದವರು. ಮದುವೆಯಾಗಿ ನಡುವೆ ಹಾಸನದಲ್ಲಿ ಸಂಸಾರ ಮಾಡಿದ್ದಾರೆ, 'ಬಡವರ ಊಟಿ' ಅಂತ ಹೆಸರಿರೋ ಊರು, ಇಬ್ಬರಿಗೂ ದೂರಲು ಏನೂ ಸಿಕ್ಕಿರಲಿಲ್ಲ.

ಮೂರನೇ ಸಲ ಇಬ್ಬರನ್ನೂ ಕೂರಿಸಿ 1998ರ ಒಂದು ಅಧ್ಯಯನದ ವಿಷಯ ಹೇಳಿದೆ. ಡೇವಿಡ್ ಶ್ಕಾಡೆ, ಡೇನಿಯಲ್ ಕಾನಮನ್ ಅನ್ನೋರು ಅಮೆರಿಕದಲ್ಲಿ ಮಾಡಿದ್ದು. ಒಳ್ಳೇ ಹವೆಯ ಕ್ಯಾಲಿಫೋರ್ನಿಯಾ ಮತ್ತು ಚಳಿಯ ಮಿಡ್‌ವೆಸ್ಟ್, ಎರಡೂ ಕಡೆಯ ವಿದ್ಯಾರ್ಥಿಗಳನ್ನು ಕೇಳಿದರು. ಯಾರು ಹೆಚ್ಚು ಸುಖವಾಗಿದ್ದಾರೆ ಅಂತ ಊಹಿಸಿ ಅಂದರೆ ಇಬ್ಬರೂ ಕ್ಯಾಲಿಫೋರ್ನಿಯಾದವರು ಅಂದರು. ನಿಮ್ಮ ನಿಮ್ಮ ಬದುಕು ಹೇಗಿದೆ ಅಂತ ಕೇಳಿದಾಗ ಮಾತ್ರ ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ. ಊರು ಆರಿಸುವಾಗ ಯಾವುದೋ ಒಂದನ್ನೇ ದಿಟ್ಟಿಸುತ್ತೇವೆ, ಅದು ದೊಡ್ಡದಾಗಿ ಕಾಣುತ್ತೆ.

"ನೋಡಿದಿರಾ, ಹವೆ ಅಷ್ಟು ಮುಖ್ಯ ಅಲ್ಲ!" ಅಂದರು ರಾಜಣ್ಣ.

"ಗುಡ್ಡಕ್ಕೂ ಅದೇ ಮಾತು ಅಲ್ವಾ?" ಅಂದೆ. ಆಮೇಲೆ ಮನಸ್ಸಿನಲ್ಲೇ ಇನ್ನೊಂದು ಅಂದುಕೊಂಡೆ: ಆ ವಿದ್ಯಾರ್ಥಿಗಳು ಯಾರೂ ಬಚ್ಚಲೊಲೆ ಮೇಲೆ ನಾಲ್ಕು ಜನರ ಬಟ್ಟೆ ಒಣಗಿಸಿದವರಲ್ಲ.

ಕೊಟ್ಟ ಸಲಹೆ ಇಷ್ಟು. ಬಾಕಿ ದುಡ್ಡು ಈಗ ಕೊಡಬೇಡಿ. ಪುಷ್ಯ ಮಳೆಯ ಹದಿನಾಲ್ಕು ದಿನ, ಅಂದರೆ ಜುಲೈ ಕೊನೆ ಹೊತ್ತಿಗೆ, ಅದೇ ಕಡೆ ಒಂದು ಬಾಡಿಗೆ ಮನೆಯಲ್ಲಿ ಇದ್ದು ಬನ್ನಿ. ಹೋಂಸ್ಟೇ ಬೇಡ, ಅಲ್ಲಿ ಕಡುಬು ಮಾಡೋರೂ ಬೇರೆ, ಬಿಸಿನೀರು ಕಾಯಿಸೋರೂ ಬೇರೆ. ಬಟ್ಟೆ, ಬಿಸಿನೀರು, ಸಾಮಾನು ತರೋದು ಎಲ್ಲ ರಾಜಣ್ಣನ ಪಾಲು. ಅಡುಗೆಯನ್ನು ಇಬ್ಬರೂ ಹಂಚಿಕೊಳ್ಳಬೇಕು. ರಾತ್ರಿ ಎದೆ ನೋವು ಬಂದರೆ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಾಗುತ್ತೆ, ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಅಕ್ಕಪಕ್ಕದವರನ್ನೇ ಕೇಳಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜರಿದಿತ್ತು, ಚಾರ್ಮಾಡಿ ರಸ್ತೆ ಬಂದ್ ಆಗಿತ್ತು. ನಿಮ್ಮ ಮನೆ ಹಿಂದಿನ ಗುಡ್ಡ ಆಗ ಹೇಗಿತ್ತು ಅಂತಲೂ ಕೇಳಿ. ಸುಮಿತ್ರಮ್ಮನಿಗೆ ಎರಡೇ ಷರತ್ತು, "ನಾನು ಹೇಳಿರಲಿಲ್ವಾ" ಅಂತ ಅನ್ನಬಾರದು, ಮತ್ತೆ ದಿನಕ್ಕೊಂದು ಇಷ್ಟವಾದದ್ದನ್ನು ಬರೆದಿಡಬೇಕು. ಈ ಷರತ್ತಿಗೆ ಅವರು ಮುಖ ಸಿಂಡರಿಸಿದರು.

ಐದನೇ ದಿನ ರಾಜಣ್ಣನ ಫೋನ್. "ಮೇಡಂ, ಕರೆಂಟ್ ಬಂದಾಗ ಬನಿಯನ್ ಇಸ್ತ್ರಿ ಮಾಡಿ ಒಣಗಿಸ್ತಿದ್ದೀನಿ. ಗುಡ್ಡ ಎಲ್ಲಿದೆ ಅಂತಲೇ ಗೊತ್ತಿಲ್ಲ, ಬರೀ ಬಿಳಿ."

ವಾಪಸ್ ಬಂದಾಗ ಸುಮಿತ್ರಮ್ಮ ನೋಟ್‌ಬುಕ್ ಕೊಟ್ಟರು. ಮೊದಲ ಎಂಟು ದಿನ 'ಏನೂ ಇಲ್ಲ' ಅಂತಲೇ ಇದೆ. ಒಂಬತ್ತನೇ ದಿನ: 'ಇವರು ಒಲೆ ಮುಂದೆ ಇದ್ದರು. ಜಗಲಿಯಲ್ಲಿ ಎರಡು ಗಂಟೆ ಕೂತು ಮಳೆ ನೋಡಿದೆ.' ಕೊಪ್ಪದಲ್ಲಿ ಹುಟ್ಟಿ ಬೆಳೆದವರು, ಸುಮ್ನೆ ಕೂತು ಮಳೆ ನೋಡಿದ್ದು ಅದೇ ಮೊದಲಂತೆ. ನಾನು ಅದನ್ನು ಎರಡು ಸಲ ಓದಿದೆ.

ಆದರೂ ಆ ಮನೆ ಬೇಡ ಅಂತಲೇ ತೀರ್ಮಾನ ಆಯಿತು, ಹಠ ಬಿಟ್ಟವರು ರಾಜಣ್ಣನೇ. ಅಡ್ವಾನ್ಸ್‌ನಲ್ಲಿ ಅರ್ಧ ವಾಪಸ್ ಬಂದಿದೆ, ಅದರ ಬೇಜಾರು ಇನ್ನೂ ಇದೆ. ನಿದ್ದೆ ಹೇಗಿದೆ ಅಂತ ಸುಮಿತ್ರಮ್ಮನನ್ನು ಕೇಳಿದೆ, ಈಗ ಇವರ ಗೊರಕೆಗೆ ಮಾತ್ರ ಎಚ್ಚರ ಆಗುತ್ತೆ ಅಂದರು.

ಈಗ ಚಿಕ್ಕಮಗಳೂರು ಪೇಟೆಯಲ್ಲೇ ಮನೆ ಹುಡುಕುತ್ತಿದ್ದಾರೆ. ಗಿರಿ ಕಣ್ಣೆದುರಿಗೇ ಇದೆ, ಮಳೆ ಮೂಡಿಗೆರೆ ಕಡೆಗಿಂತ ಎಷ್ಟೋ ಕಡಿಮೆ. ಯಾವ ಮನೆಗೆ ಹೋದರೂ ರಾಜಣ್ಣ ಸೀದಾ ಟೆರೇಸ್ ಹತ್ತುತ್ತಾರೆ, ಗಿರಿ ಕಾಣುತ್ತಾ ಅಂತ. ಸುಮಿತ್ರಮ್ಮ ಹಿಂದಿನಿಂದ ಬಂದು ಬಿಸಿಲು ಯಾವ ಕಡೆ ಬೀಳುತ್ತೆ, ಹಗ್ಗ ಎಲ್ಲಿ ಕಟ್ಟಬಹುದು ಅಂತ ನೋಡುತ್ತಾರೆ. ಹೋದ ವಾರ ನೋಡಿದ ಮನೆಯ ಪಕ್ಕದಲ್ಲಿ ನಾಲ್ಕು ಅಂತಸ್ತಿನ ಲಾಡ್ಜ್ ಎದ್ದಿದೆ, ಗಿರಿಯೂ ಇಲ್ಲ, ಬಿಸಿಲೂ ಇಲ್ಲ. "ಇಬ್ಬರಿಗೂ ಒಟ್ಟಿಗೇ ಬೇಡ ಅನ್ನಿಸ್ತು ಮೇಡಂ," ಅಂತ ನಗುತ್ತಾ ಹೇಳಿದರು ಸುಮಿತ್ರಮ್ಮ.