ಬ್ಲಾಗ್‌ನ ಎಸ್‌ಇಒ ಸುಧಾರಿಸುತ್ತಿದೆಯೋ ಇಲ್ಲವೋ, ತಿಂಗಳುಗಟ್ಟಲೆ ಲೆಕ್ಕ ಇಡುವುದು ಹೇಗೆ?

ಎಂಟು ತಿಂಗಳಿಂದ ಬರೆಯುತ್ತಿದ್ದೀರಿ, ಎಸ್‌ಇಒಗಾಗಿ, ಅಂದರೆ ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲು, ಶೀರ್ಷಿಕೆ, ಇಂಟರ್ನಲ್ ಲಿಂಕ್ (ನಿಮ್ಮದೇ ಪುಟಗಳ ನಡುವಿನ ಕೊಂಡಿ) ಎಲ್ಲ ಸರಿಮಾಡಿದ್ದೀರಿ. ಆದರೆ ದಿನಾ ಗೂಗಲ್ ಮಾಡಿ ನೋಡಿದರೆ ಒಂದು ದಿನ 6ನೇ ಸ್ಥಾನ, ಮರುದಿನ 15. ಇದರಲ್ಲಿ ಪ್ರಗತಿ ಗುರುತಿಸುವುದು ಹೇಗೆ ಅಂತ ಕೇಳಿದ್ದೀರಿ.

ಮೊದಲು ಆ ದಿನನಿತ್ಯದ ಹುಡುಕಾಟ ನಿಲ್ಲಿಸಿ. ಇರುವ ಜಾಗ, ಫೋನೋ ಕಂಪ್ಯೂಟರೋ, ಭಾಷೆಯ ಸೆಟ್ಟಿಂಗ್, ಇವೆಲ್ಲದರ ಮೇಲೆ ಫಲಿತಾಂಶ ಬದಲಾಗುತ್ತದೆ. ಇನ್‌ಕಾಗ್ನಿಟೋದಲ್ಲಿ ನೋಡಿದರೂ ಲಾಗಿನ್ ಮತ್ತು ಕುಕೀ ಬದಿಗೆ ಸರಿಯುತ್ತವೆ ಅಷ್ಟೆ, ನೀವು ಎಲ್ಲಿದ್ದೀರಿ ಅನ್ನುವುದು ಗೂಗಲ್‌ಗೆ ಗೊತ್ತೇ ಇರುತ್ತದೆ.

ಬೇಕಾದ್ದು ಗೂಗಲ್ ಸರ್ಚ್ ಕನ್ಸೋಲ್ (ನಿಮ್ಮ ತಾಣ ಹುಡುಕಾಟದಲ್ಲಿ ಹೇಗಿದೆ ಅಂತ ಗೂಗಲ್ಲೇ ತೋರಿಸುವ ಉಚಿತ ಟೂಲ್) ಮತ್ತು ಒಂದು ಸ್ಪ್ರೆಡ್‌ಶೀಟ್. ಸ್ವಂತ ಡೊಮೇನ್ ಇದ್ದರೆ ಕನ್ಸೋಲ್‌ಗೆ ಡೊಮೇನ್ ಪ್ರಾಪರ್ಟಿಯನ್ನೇ (ಇಡೀ ಡೊಮೇನನ್ನು) ಸೇರಿಸಿ, ಡಿಎನ್‌ಎಸ್‌ನಲ್ಲಿ (ಡೊಮೇನ್ ಕೊಂಡಲ್ಲಿ ಸಿಗುವ ಸೆಟ್ಟಿಂಗ್) ಗೂಗಲ್ ಕೊಡುವ ಟಿಎಕ್ಸ್‌ಟಿ ರೆಕಾರ್ಡ್ ಹಾಕಿ ದೃಢೀಕರಿಸಿ. ಉಚಿತ ಸಬ್‌ಡೊಮೇನ್‌ನಲ್ಲಿದ್ದರೆ ಡಿಎನ್‌ಎಸ್ ನಿಮ್ಮ ಕೈಲಿರುವುದಿಲ್ಲ, ಆಗ ಯುಆರ್‌ಎಲ್ ಪ್ರಿಫಿಕ್ಸ್ ಆಯ್ಕೆ ಬಳಸಿ, ಅಂದರೆ ಬ್ಲಾಗ್‌ನ ಪೂರ್ತಿ ವಿಳಾಸ ಕೊಡಿ. ಅದರಲ್ಲಿ ಎಚ್‌ಟಿಟಿಪಿ ಬೇರೆ, ಎಚ್‌ಟಿಟಿಪಿಎಸ್ ಬೇರೆ. ತಪ್ಪು ವಿಳಾಸ ಕೊಟ್ಟು "ಡೇಟಾನೇ ಬರ್ತಿಲ್ಲ" ಅಂತ ಕಾಯುವವರು ಬಹಳ.

ಕನ್ಸೋಲ್ 16 ತಿಂಗಳ ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಅಂದರೆ ಈ ವರ್ಷ ಮತ್ತು ಹೋದ ವರ್ಷ ಅಂತ ಹೋಲಿಸಲು ಸಿಗುವುದು ಈಚಿನ ನಾಲ್ಕೇ ತಿಂಗಳು. ಅದಕ್ಕೇ ಸ್ವಂತ ಶೀಟ್ ಬೇಕು ಅನ್ನುವುದು. ಲೆಕ್ಕವನ್ನು ತಿಂಗಳಿಗೊಮ್ಮೆ ಬೇಡ, 28 ದಿನಕ್ಕೊಮ್ಮೆ ತೆಗೆಯಿರಿ. 28 ದಿನದಲ್ಲಿ ಸೋಮವಾರದಿಂದ ಭಾನುವಾರದ ತನಕ ಪ್ರತಿ ವಾರವೂ ಸರಿಯಾಗಿ ನಾಲ್ಕು ಸಲ ಬರುತ್ತದೆ. ಕ್ಯಾಲೆಂಡರ್ ತಿಂಗಳಾದರೆ ಒಂದರಲ್ಲಿ ಐದು ಭಾನುವಾರ, ಇನ್ನೊಂದರಲ್ಲಿ ನಾಲ್ಕು. ಸಣ್ಣ ಬ್ಲಾಗ್‌ಗೆ ಅಷ್ಟು ವ್ಯತ್ಯಾಸವೇ "ಇಳಿತ"ದ ಹಾಗೆ ಕಾಣುತ್ತದೆ. ಅವಧಿ ಮುಗಿದ ಮೇಲೆ ಮೂರ್ನಾಲ್ಕು ದಿನ ಬಿಟ್ಟು ಅಂಕಿ ತೆಗೆಯಿರಿ, ಕೊನೆಯ ದಿನಗಳ ಡೇಟಾ ತಡವಾಗಿ ಪೂರ್ತಿಯಾಗುತ್ತದೆ.

ಶೀಟ್‌ನಲ್ಲಿ ಮೂರು ಹಾಳೆ ಸಾಕು. ಮೊದಲನೆಯದು ಇಡೀ ಬ್ಲಾಗ್‌ನದು: ಒಟ್ಟು ಕ್ಲಿಕ್, ಇಂಪ್ರೆಶನ್ (ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿತು), ಬ್ಲಾಗ್‌ನ ಹೆಸರಿಲ್ಲದ ಹುಡುಕಾಟಗಳಿಂದ ಬಂದ ಕ್ಲಿಕ್, ಕನಿಷ್ಠ ಒಂದು ಕ್ಲಿಕ್ ಪಡೆದ ಪುಟಗಳು ಎಷ್ಟು, ಇಂಡೆಕ್ಸ್ ಆದ (ಗೂಗಲ್ ತನ್ನ ಪಟ್ಟಿಗೆ ಸೇರಿಸಿಕೊಂಡ) ಪುಟಗಳು ಎಷ್ಟು. ಎರಡನೆಯದರಲ್ಲಿ ಮುಖ್ಯವಾದ 10–15 ಬರಹಗಳು, ಒಂದೊಂದಕ್ಕೂ ಅದರ ಮುಖ್ಯ ಹುಡುಕುಪದದ ಕ್ಲಿಕ್, ಇಂಪ್ರೆಶನ್, ಸ್ಥಾನ. ಮೂರನೆಯದು ಬದಲಾವಣೆಯ ದಿನಚರಿ: ತಾರೀಖು, ಯಾವ ಪುಟ, ಏನು ಬದಲಿಸಿದ್ದು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಆಮೇಲೆ ಗ್ರಾಫ್ ಏರಿದ್ದು ಯಾಕೆ ಅಂತ ಅವರಿಗೇ ನೆನಪಿರುವುದಿಲ್ಲ.

ಬ್ಲಾಗ್‌ನ ಹೆಸರಿನ ಹುಡುಕಾಟಗಳನ್ನು ಬೇರ್ಪಡಿಸಲು ಕನ್ಸೋಲ್‌ನ ಕ್ವೆರಿ (ಹುಡುಕುಪದ) ಫಿಲ್ಟರ್‌ನಲ್ಲಿ ರೆಜೆಕ್ಸ್ (ಹಲವು ಪದಗಳನ್ನು ಒಟ್ಟಿಗೆ ಹೊಂದಿಸುವ ಸೂತ್ರ) ಆರಿಸಿ, "ಹೊಂದಿಕೆಯಾಗದ" ಎಂಬ ಆಯ್ಕೆ ಇಟ್ಟು, ಬ್ಲಾಗ್‌ನ ಹೆಸರನ್ನು ಜನ ಬರೆಯುವ ಎಲ್ಲ ರೀತಿಗಳನ್ನೂ ನಡುವೆ ಉದ್ದಗೆರೆ (|) ಹಾಕಿ ಕೊಡಿ. ಕನ್ನಡ ಬ್ಲಾಗ್ ಆದರೆ ಕನ್ನಡ ಲಿಪಿಯಲ್ಲಿ ಬರೆದದ್ದು, ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಎರಡೂ ಬೇಕು. ಹೆಸರಿರುವ, ಹೆಸರಿಲ್ಲದ ಎರಡು ಪಾಲನ್ನೂ ಕೂಡಿಸಿದರೆ ಒಟ್ಟು ಮೊತ್ತಕ್ಕಿಂತ ಕಡಿಮೆ ಬರುತ್ತದೆ, ಗಾಬರಿ ಬೇಡ. ತೀರಾ ಕೆಲವೇ ಜನ ಹುಡುಕಿದ ಪದಗಳನ್ನು ಖಾಸಗಿತನದ ಕಾರಣಕ್ಕೆ ಗೂಗಲ್ ತೋರಿಸುವುದಿಲ್ಲ, ಫಿಲ್ಟರ್ ಹಾಕಿದ ಕೂಡಲೇ ಅವು ಲೆಕ್ಕದಿಂದ ಹೊರಗೆ.

ಇನ್ನು ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಅಂಕಿ, ಸರಾಸರಿ ಸ್ಥಾನ. ಒಂದು ಬರಹ ಒಂದು ಪದಕ್ಕೆ 4ನೇ ಸ್ಥಾನದಲ್ಲಿದೆ, 100 ಇಂಪ್ರೆಶನ್ ಇದೆ ಅಂದುಕೊಳ್ಳಿ. ಸರಾಸರಿ 4. ಮುಂದಿನ ಅವಧಿಯಲ್ಲಿ ಅದೇ ಬರಹ ಇನ್ನೊಂದು ದೊಡ್ಡ ಪದಕ್ಕೆ 60ನೇ ಸ್ಥಾನದಲ್ಲಿ ಕಾಣಿಸಿಕೊಂಡು 400 ಇಂಪ್ರೆಶನ್ ಪಡೆಯಿತು. ಈಗ 400 ಮತ್ತು 24,000 ಕೂಡಿಸಿ 500ರಿಂದ ಭಾಗಿಸಿದರೆ ಸರಾಸರಿ 48.8. ಸಿಟಿಆರ್ (ಇಂಪ್ರೆಶನ್‌ಗಳಲ್ಲಿ ಶೇಕಡಾ ಎಷ್ಟು ಕ್ಲಿಕ್ ಆದವು) ಕೂಡ ಪಾತಾಳಕ್ಕೆ. ಆದರೆ ಹಳೆಯ ಪದ ಇದ್ದಲ್ಲೇ ಇದೆ, ಕ್ಲಿಕ್ ಒಂದೂ ಕಮ್ಮಿಯಾಗಿಲ್ಲ. ಅಂದರೆ ಬ್ಲಾಗ್ ಬೆಳೆದಾಗಲೇ ಈ ಅಂಕಿ ಕೆಡುತ್ತದೆ! ಸ್ಥಾನವನ್ನು ಒಂದು ಪುಟ, ಒಂದು ಪದ ಅಂತ ಫಿಲ್ಟರ್ ಹಾಕಿ ಮಾತ್ರ ನೋಡಿ.

ಇದರ ತಿರುಗುಮುರುಗೂ ಆಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹುಡುಕಾಟದ ವಿಳಾಸಕ್ಕೆ &num=100 ಸೇರಿಸಿ ಒಂದೇ ಪುಟದಲ್ಲಿ 100 ಫಲಿತಾಂಶ ತರಿಸುವ ಸೌಲಭ್ಯವನ್ನು ಗೂಗಲ್ ನಿಲ್ಲಿಸಿತು. ಅದೇ ಹೊತ್ತಿಗೆ ಬಹಳ ತಾಣಗಳಲ್ಲಿ ಇಂಪ್ರೆಶನ್ ದಿಢೀರ್ ಕುಸಿದು, ಸರಾಸರಿ ಸ್ಥಾನ "ಸುಧಾರಿಸಿತು". ನಿಮ್ಮ ಗ್ರಾಫ್‌ನಲ್ಲಿ ಆ ಮೆಟ್ಟಿಲು ಕಂಡರೆ ದಿನಚರಿಯಲ್ಲಿ ಗುರುತು ಹಾಕಿ ಮುಂದೆ ಹೋಗಿ.

ಶೀರ್ಷಿಕೆ ಬದಲಿಸಿದಾಗ ಲೆಕ್ಕ ಶುರುವಾಗುವುದು ನೀವು ಬದಲಿಸಿದ ದಿನದಿಂದಲ್ಲ, ಗೂಗಲ್ ಆ ಪುಟವನ್ನು ಮತ್ತೆ ಓದಿದ ದಿನದಿಂದ. ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಕೊನೆಯ ಕ್ರಾಲ್ ತಾರೀಖು, ಅಂದರೆ ಗೂಗಲ್ ಕೊನೆಯ ಸಲ ಓದಿದ ದಿನ, ಸಿಗುತ್ತದೆ. ಅಲ್ಲಿಂದ ಮುಂದಿನ 28 ದಿನ ಮತ್ತು ಬದಲಾವಣೆಗೆ ಮುಂಚಿನ 28 ದಿನ, ಇವನ್ನು ಹೋಲಿಸಿ. ಸ್ಥಾನ ಅಷ್ಟೇ ಇದ್ದು ಸಿಟಿಆರ್ ಏರಿದ್ದರೆ ಶೀರ್ಷಿಕೆ ಕೆಲಸ ಮಾಡಿರುವ ಸಾಧ್ಯತೆ ಹೆಚ್ಚು. ಒಂದೇ ವಾರದಲ್ಲಿ ಶೀರ್ಷಿಕೆ, ಚಿತ್ರ, ಯುಆರ್‌ಎಲ್ ಮೂರನ್ನೂ ಬದಲಿಸಿದರೆ ಏನನ್ನೂ ಹೇಳಲಾಗದು. ಇಪ್ಪತ್ತೋ ಮೂವತ್ತೋ ಕ್ಲಿಕ್ ಇರುವ ಪುಟದಲ್ಲಿ ನಾಲ್ಕೈದು ಕ್ಲಿಕ್‌ನ ಏರಿಳಿತಕ್ಕೆ ಅರ್ಥ ಹುಡುಕಬೇಡಿ.

ಎಲ್ಲ ಪುಟಗಳೂ ಒಟ್ಟಿಗೆ ಬಿದ್ದಿದ್ದರೆ ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್ ತೆರೆದು ಕೋರ್ ಅಪ್‌ಡೇಟ್ (ಸ್ಥಾನ ಕೊಡುವ ವಿಧಾನದಲ್ಲಿ ಗೂಗಲ್ ಮಾಡುವ ದೊಡ್ಡ ಬದಲಾವಣೆ) ನಡೆಯುತ್ತಿದೆಯೇ ನೋಡಿ. 2024ರ ಮಾರ್ಚ್ 5ಕ್ಕೆ ಶುರುವಾದದ್ದು ಮುಗಿಯಲು 45 ದಿನ ಹಿಡಿಯಿತು. ಅಂಥ ಅಪ್‌ಡೇಟ್ ಮುಗಿದು ಒಂದು ವಾರ ಕಳೆಯುವ ತನಕ ಏನನ್ನೂ ತಿದ್ದಬೇಡಿ. ಒಂದೇ ಪುಟ ಬಿದ್ದಿದ್ದರೆ ಅದು ಇಂಡೆಕ್ಸ್‌ನಲ್ಲಿ ಇದೆಯೇ ಅಂತ ಮೊದಲು ನೋಡಿ, ಆಮೇಲೆ ಉಳಿದದ್ದು.

ಹೊರಗಿನ ಟೂಲ್‌ಗಳು ಕೊಡುವ ಡೊಮೇನ್ ಅಥಾರಿಟಿ ಅಂಕವನ್ನು ಶೀಟ್‌ಗೆ ಸೇರಿಸಬೇಡಿ. ಅದು ಆ ಕಂಪನಿಗಳ ಅಂದಾಜು, ರ‍್ಯಾಂಕಿಂಗ್‌ಗೆ ಗೂಗಲ್ ಅದನ್ನು ಬಳಸುವುದಿಲ್ಲ.

ಪ್ರತಿ ಸಲ ಅಂಕಿ ತುಂಬಿಸಿದ ಮೇಲೆ ಸ್ಥಾನ 8ರಿಂದ 20ರ ನಡುವೆ ಇರುವ ಪದಗಳನ್ನು ಇಂಪ್ರೆಶನ್ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ. ಮೇಲಿನ ಎರಡು ಮೂರು ಪದಗಳ ಪುಟಗಳೇ ಮುಂದಿನ 28 ದಿನದ ಕೆಲಸ.