ಫ್ರೇಮ್ ಗುಂಯ್‌ಗುಡುತ್ತಿದ್ದರೆ ರಬ್ಬರ್ ಸಾಕಾ?

ಪ್ರಶ್ನೆ: ಚೌಕದ ಕಬ್ಬಿಣದ ಪೈಪ್ ವೆಲ್ಡ್ ಮಾಡಿ ಮನೆಯಲ್ಲೇ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ) ಮಾಡಿಕೊಂಡಿದ್ದೇನೆ. ಹಲಸಿನ ಹಲಗೆಯಲ್ಲಿ ಮನೆ ಹೆಸರಿನ ಬೋರ್ಡ್ ಕೆತ್ತುತ್ತೇನೆ. ಕೆಲವು ವೇಗದಲ್ಲಿ ಇಡೀ ಫ್ರೇಮ್ ಗುಂಯ್‌ಗುಡುತ್ತದೆ, ಅಕ್ಷರದ ಅಂಚಿನಲ್ಲಿ ಅಲೆಅಲೆಯಾಗಿ ಗೆರೆ ಬೀಳುತ್ತದೆ. ಕಾಲಿನಡಿಗೆ ರಬ್ಬರ್ ಕೊಟ್ಟರೆ ಸಾಕಾ?
– ಒಬ್ಬ ಓದುಗರು, ಬದಿಯಡ್ಕ, ಕಾಸರಗೋಡು

ಉತ್ತರ: ರಬ್ಬರ್ ಕೊಟ್ಟರೆ ಪಕ್ಕದ ಮನೆಯವರಿಗೆ ನೆಮ್ಮದಿ, ನಿಮ್ಮ ಅಕ್ಷರಕ್ಕಲ್ಲ. ಕಂಪನ ನೆಲಕ್ಕೆ ದಾಟುವುದು ಕಮ್ಮಿಯಾಗುತ್ತದೆ ಅಷ್ಟೆ. ಕೊರೆಯುವ ಬಿಟ್ (ತಿರುಗುವ ಅಲಗು) ಮರದ ಮೇಲೆ ಕುಣಿಯುವುದು ಹಾಗೇ ಇರುತ್ತದೆ.

ಮೊದಲು ಸದ್ದು ಎಲ್ಲಿ ಹುಟ್ಟುತ್ತದೆ ನೋಡಿ. ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರ್) ಆಫ್ ಮಾಡಿ ಬರೀ ಗ್ಯಾಂಟ್ರಿ (ಸ್ಪಿಂಡಲನ್ನು ಹೊತ್ತು ಓಡಾಡುವ ಅಡ್ಡಚೌಕಟ್ಟು) ಓಡಿಸಿ, ವೇಗ ಸ್ವಲ್ಪಸ್ವಲ್ಪವೇ ಏರಿಸಿ. ಒಂದು ವೇಗದಲ್ಲಿ ಗುಂಯ್ ಅಂದು, ಅದನ್ನು ದಾಟಿದ ಮೇಲೆ ಸುಮ್ಮನಾದರೆ ಅದು ಗ್ಯಾಂಟ್ರಿ ಎಳೆಯುವ ಸ್ಟೆಪ್ಪರ್ ಮೋಟಾರಿನ ಕೆಲಸ. ಸಾಮಾನ್ಯ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಪ್ರತಿ ಹೆಜ್ಜೆಗೂ ಫ್ರೇಮಿಗೊಂದು ಸಣ್ಣ ಒದೆ. ಆ ಮೋಟಾರ್ ನಡೆಸುವ ಡ್ರೈವರ್ ಸರ್ಕ್ಯೂಟಿನಲ್ಲಿ ಮೈಕ್ರೋಸ್ಟೆಪ್ (ಒಂದು ಹೆಜ್ಜೆಯನ್ನು ಸಣ್ಣ ತುಂಡು ಮಾಡುವ ಸೆಟ್ಟಿಂಗ್) 1/8 ಅಥವಾ 1/16ಕ್ಕೆ ಇಡಿ. ಮಿ.ಮೀ.ಗೆ ಎಷ್ಟು ಸ್ಟೆಪ್ ಅನ್ನುವ ಸೆಟ್ಟಿಂಗನ್ನೂ ಜೊತೆಗೇ ಬದಲಿಸಿ, ಇಲ್ಲದಿದ್ದರೆ ಬೋರ್ಡಿನ ಅಳತೆಯೇ ಕೆಡುತ್ತದೆ. ಸ್ಪಿಂಡಲ್ ಒಂದೇ ತಿರುಗುವಾಗ ಅದುರಿದರೆ ಬೇರಿಂಗ್, ಕಾಲೆಟ್ (ಬಿಟ್ಟನ್ನು ಕಚ್ಚಿ ಹಿಡಿಯುವ ಭಾಗ) ಪರೀಕ್ಷಿಸಿ. ಮರ ಕೊರೆಯುವಾಗ ಮಾತ್ರ ಬಂದರೆ ಬಿಟ್ ಹೊರಗೆ ಜಾಸ್ತಿ ಚಾಚಿದೆಯಾ ನೋಡಿ. ಚಾಚಿದ ಉದ್ದ ಅರ್ಧ ಮಾಡಿದರೆ ಬಿಟ್ ಬಾಗುವುದು ಸುಮಾರು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಖರ್ಚಿಲ್ಲದ ರಿಪೇರಿ ಅಲ್ವಾ?

ಇನ್ನು ಫ್ರೇಮ್. ಕೈಯಲ್ಲಿ ತಳ್ಳಿದರೆ ಓಲಾಡುತ್ತದೆಯಾ? ಹಾಗಿದ್ದರೆ ಮೂಲೆಗಳಿಗೆ ಓರೆಪಟ್ಟಿ ವೆಲ್ಡ್ ಮಾಡಿಸಿ. ಆಮೇಲೆ ಪೈಪಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯಿರಿ. ಠಣ್ ಅಂತ ಸದ್ದು ಎಳೆದರೆ ಒಳಗೆ ಹೊಯಿಗೆ (ಮರಳು) ತುಂಬಬೇಕು. ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಕಂಪನವನ್ನು ತಿಂದುಹಾಕುತ್ತವೆ.

ಉಪ್ಪಳ, ಕುಂಬಳೆ ಕಡಲ ಬದಿಯ ಹೊಯಿಗೆ ಮಾತ್ರ ಬೇಡ ಮಾರಾಯ್ರೆ, ಉಪ್ಪಿಗೆ ಪೈಪು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಹೊಳೆ ಹೊಯಿಗೆ ಜರಡಿ ಹಿಡಿದು ಅಡಿಕೆ ಅಂಗಳದಲ್ಲಿ ಹರಡಿ ಒಣಗಿಸಿ. ಹಳೆ ಬಾಣಲೆಯಲ್ಲಿ ಹುರಿದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ. ತುಂಬುವಾಗ ಪೈಪಿನ ಹೊರಗೆ ಮರದ ಕೊಡತಿಯಿಂದ ತಟ್ಟುತ್ತಾ ಇರಿ, ಹೊಯಿಗೆ ಇಳಿದಷ್ಟೂ ಮತ್ತೆ ಸುರಿಯಿರಿ. ಕೊನೆಗೆ ಬಾಯಿಗೆ ಸಿಲಿಕೋನ್. ವೆಲ್ಡಿಂಗ್ ಎಲ್ಲ ಇದಕ್ಕೆ ಮೊದಲೇ ಮುಗಿದಿರಬೇಕು. ಬಾಯಿ ಮುಚ್ಚಿದ ಪೈಪಿನೊಳಗೆ ಪಸೆ ಉಳಿದಿದ್ದರೆ ವೆಲ್ಡಿಂಗ್ ಬಿಸಿಗೆ ಹಬೆ ಕಟ್ಟಿ ಸಿಡಿಯಬಹುದು.

ತುಂಬುವುದು ಕೆಳಗಿನ ಫ್ರೇಮಿಗೆ ಮಾತ್ರ. ಗ್ಯಾಂಟ್ರಿಗೂ ತುಂಬಿದರೆ ಆ ಭಾರ ಎಳೆಯಲಾಗದೆ ಮೋಟಾರು ಸ್ಟೆಪ್ ತಪ್ಪಬಹುದು.