ಕಲಂ ಸಿಕ್ಕಿತು, ತೀರ್ಪು ಹುಡುಕುವುದು ಹೇಗೆ?

ಪ್ರಶ್ನೆ: ಶಿವಮೊಗ್ಗದಲ್ಲಿ ಹಿರಿಯ ವಕೀಲರ ಬಳಿ ಜೂನಿಯರ್ ಆಗಿದ್ದೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಪಾಲಿನ ದಾವೆ. ತಂದೆ 2003ರಲ್ಲಿ ತೀರಿಕೊಂಡಿದ್ದಾರೆ. ನಮ್ಮ ಕಕ್ಷಿದಾರರು ಮಗಳು. ಒಟ್ಟು ಕುಟುಂಬದ ಆಸ್ತಿಯಲ್ಲಿನ ಹಕ್ಕಿನ ಬಗ್ಗೆ ಹೇಳುವ, ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಂ ಓದಿದ್ದೇನೆ. ಕೋರ್ಟ್‌ಗಳು ಅದಕ್ಕೆ ಏನು ಅರ್ಥ ಹೇಳಿವೆ ಅಂತ ಹುಡುಕಿದರೆ ರಾಶಿ ತೀರ್ಪು ಬರುತ್ತವೆ. ಎಲ್ಲಿಂದ ಶುರು ಮಾಡಲಿ, ಮೇಡಂ?

ಉತ್ತರ: ಮೊದಲು ಕಲಂನ ಚರಿತ್ರೆ ನೋಡಿ. ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆ ಉಚಿತವಾಗಿ ಸಿಗುತ್ತದೆ. 6ನೇ ಕಲಂ 2005ರ ಸೆಪ್ಟೆಂಬರ್ 9ರಿಂದ ಪೂರ್ತಿ ಬದಲಾಗಿದೆ, ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ. ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಇಂಥದೇ ಹಕ್ಕು ಕೊಡುವ 6ಎ ಕಲಂ ಸೇರಿಸಿತ್ತು, ಆದರೆ ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಹಾಗಾಗಿ ಹಳೇ ತೀರ್ಪಿನಲ್ಲಿ ‘ಕಲಂ 6’ ಅಂತ ಇದ್ದರೆ, ಕೋರ್ಟ್ ಓದಿದ್ದು ಯಾವ ಕಾಲದ ಕಲಂ ಅಂತ ಕೇಳಿಕೊಳ್ಳಿ. ಸುಮಾರು ಜನ ಎಡವುವುದು ಇಲ್ಲೇ.

ಆಮೇಲೆ ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಕಲಂನದೇ ಮಾತನ್ನು ಇಂಗ್ಲಿಷಿನಲ್ಲಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ: ‘ಬೈ ಬರ್ತ್ ಬಿಕಮ್ ಎ ಕೋಪಾರ್ಸನರ್’ (ಹುಟ್ಟಿನಿಂದಲೇ ಒಟ್ಟು ಕುಟುಂಬದ ಆಸ್ತಿಗೆ ಹಕ್ಕುದಾರರಾಗುವುದು). ಸುಮ್ನೆ ‘ಮಗಳ ಪಾಲು’ ಅಂತ ಹುಡುಕಿದರೆ ಬೇಡದ್ದೇ ಜಾಸ್ತಿ. ಮೊದಲು ಸುಪ್ರೀಂ ಕೋರ್ಟ್, ನಂತರ ನಮ್ಮ ಹೈಕೋರ್ಟ್.

2015ರ ‘ಪ್ರಕಾಶ್ ವಿರುದ್ಧ ಫೂಲವತಿ’ ಸಿಗುತ್ತದೆ. ಕರ್ನಾಟಕದಿಂದಲೇ ಹೋದ ಕೇಸು. 2005ರ ಆ ದಿನ ತಂದೆ, ಮಗಳು ಇಬ್ಬರೂ ಬದುಕಿರಬೇಕು ಎಂದಿತು. ಅಲ್ಲಿಗೇ ನಿಲ್ಲಿಸಿದರೆ ನಿಮ್ಮ ಕಕ್ಷಿದಾರರ ಕಥೆ ಮುಗಿಯಿತು, ಅಲ್ವಾ? ನಿಲ್ಲಿಸಬೇಡಿ. ಅದನ್ನು ಉಲ್ಲೇಖಿಸಿದ ನಂತರದ ತೀರ್ಪುಗಳನ್ನು ‘ಸೈಟೆಡ್ ಬೈ’ ಒತ್ತಿ ನೋಡಿ. 2020ರ ಆಗಸ್ಟ್ 11ರ ‘ವಿನೀತಾ ಶರ್ಮಾ’ ಸಿಗುತ್ತದೆ. ಮೂವರು ನ್ಯಾಯಮೂರ್ತಿಗಳ ಪೀಠ ಫೂಲವತಿ ತೀರ್ಪನ್ನು ತಳ್ಳಿಹಾಕಿತು: ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಬದುಕಿರಬೇಕಿಲ್ಲ. ಯಾವ ತೀರ್ಪನ್ನೇ ಆಗಲಿ, ಮುಂದೆ ಅದಕ್ಕೇನಾಯಿತು ಅಂತ ನೋಡದೆ ಕೋರ್ಟಿಗೆ ಒಯ್ಯಬೇಡಿ.

ವಿನೀತಾ ಶರ್ಮಾವನ್ನು ಹೆಡ್‌ನೋಟ್ (ತೀರ್ಪಿನ ಆರಂಭದ ಸಾರಾಂಶ) ನೋಡಿ ಬಿಡಬೇಡಿ, ಪೂರ್ತಿ ಓದಿ. ‘ಬಾಯಿಮಾತಿನಲ್ಲೇ ಪಾಲಾಗಿದೆ’ ಎಂಬ ವಾದ ಮಲೆನಾಡಿನ ತೋಟದ ಕೇಸಿನಲ್ಲಿ ಬಂದೇ ಬರುತ್ತದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ಪಾಲನ್ನು ಕಲಂ ಮುಟ್ಟುವುದಿಲ್ಲ. ಬಾಯಿಮಾತಿನ ಪಾಲನ್ನು ಕೋರ್ಟ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸರ್ಕಾರಿ ದಾಖಲೆಯ ಬಲವಿದ್ದರೆ ಮಾತ್ರ, ಅದೂ ಅಪರೂಪಕ್ಕೆ. ಹಾಗಾಗಿ ಪಹಣಿ, ಮ್ಯುಟೇಷನ್ ಈಗಲೇ ತೆಗೆಸಿ.

ಕೋರ್ಟಿಗೆ ಕೊಡುವ ಪ್ರತಿಯನ್ನು ಸುಪ್ರೀಂ ಕೋರ್ಟಿನ ಡಿಜಿಟಲ್ ಎಸ್‌ಸಿಆರ್‌ನಿಂದ (ಅದರ ಅಧಿಕೃತ ತೀರ್ಪು ಸಂಗ್ರಹದ ಜಾಲತಾಣ) ಇಳಿಸಿಕೊಳ್ಳಿ. ಬೇಕಾದ ಪ್ಯಾರಾಗಳಿಗೆ ಗುರುತು ಹಾಕಿ ನಿಮ್ಮ ಹಿರಿಯರ ಕೈಗೆ ಕೊಡಿ.